ಜೈಲ್‌ಬ್ರೇಕ್ ಮಾಡಿದ ಕಿಂಡಲ್ ಫ್ಯಾಕ್ಟರಿ ರಿಸೆಟ್‌ಗೆ ಉಳಿಯುತ್ತದೆಯೇ?

ನೀವು ಕೇಳಿರುವುದು ಎರಡು ಸಂಗತಿ: ಕಿಂಡಲ್ ರೀಬೂಟ್ ಆದ ಮೇಲೆ ಕೆಒರೀಡರ್ ಎಂಬ ಓದುವ ಆ್ಯಪ್ ಏಕೆ ಕಾಣುವುದಿಲ್ಲ, ಫ್ಯಾಕ್ಟರಿ ರಿಸೆಟ್ ಮಾಡಿದರೆ ಜೈಲ್‌ಬ್ರೇಕ್ (ಅಮೆಜಾನ್ ಹಾಕಿದ ಬೀಗ ತೆಗೆದದ್ದು) ಹೋಗುತ್ತದೆಯೇ ಎಂದು. ಮೊದಲನೆಯದು ದೋಷವೇ ಅಲ್ಲ. ಕೆಒರೀಡರ್ ತಾನಾಗಿ ಏಳುವುದಿಲ್ಲ, ಇಂಥ ಹೊರಗಿನ ಆ್ಯಪ್‌ಗಳನ್ನು ತೆರೆಯುವ ಕೆಯುಎಎಲ್ ಎಂಬ ಮೆನುವಿನ ಮೂಲಕ ಎಬ್ಬಿಸಬೇಕು. ಕೆಯುಎಎಲ್ಲೇ ತೆರೆಯದಿದ್ದರೆ ಲೈಬ್ರರಿಯಲ್ಲಿರುವ 'ರನ್ ಹಾಟ್‌ಫಿಕ್ಸ್' ಅನ್ನು ಒಮ್ಮೆ ಒತ್ತಿ; ಹಾಟ್‌ಫಿಕ್ಸ್ ಎಂದರೆ ಜೈಲ್‌ಬ್ರೇಕನ್ನು ಮತ್ತೆ ಸರಿಪಡಿಸುವ ಪ್ಯಾಕೇಜ್.

ರಿಸೆಟ್ ವಿಷಯ ಬೇರೆ. ಜೈಲ್‌ಬ್ರೇಕ್‌ನ ಜೀವ ಇರುವುದು ಸಿಸ್ಟಂ ವಿಭಾಗದಲ್ಲಿ ಸೇರಿಸಿಟ್ಟ ಒಂದು ಕೀಲಿಯಲ್ಲಿ. ಹೊರಗಿನವರ ಪ್ಯಾಕೇಜನ್ನೂ ಕಿಂಡಲ್ ಒಳಗೆ ಬಿಟ್ಟುಕೊಳ್ಳುವುದು ಅದರಿಂದಲೇ. ರಿಸೆಟ್ ಗುಡಿಸಿ ಹಾಕುವುದು ಪುಸ್ತಕಗಳು, ಕೆಯುಎಎಲ್, ಕೆಒರೀಡರ್ ಇರುವ ಬಳಕೆದಾರರ ವಿಭಾಗವನ್ನು. ಕೀಲಿಗೆ ಕುತ್ತು ಬರುವುದು ಸಿಸ್ಟಂ ವಿಭಾಗವನ್ನೇ ಹೊಸದಾಗಿ ಬರೆಯುವ ಫರ್ಮ್‌ವೇರ್ ಅಪ್‌ಡೇಟ್‌ನಿಂದ. ವೈಫೈ ಸಿಕ್ಕರೆ ಆ ಅಪ್‌ಡೇಟ್ ತಾನಾಗಿ ಇಳಿಯಬಹುದು; ಹಾಗಾಗಿ ನಾನು ಹೆದರುವುದು ರಿಸೆಟ್ ಮುಗಿದೊಡನೆ ವೈಫೈ ಪಾಸ್‌ವರ್ಡ್ ಕೇಳುವ ಆ ಪರದೆಗೆ.

ಇಲ್ಲೊಂದು ತಿರುವು ಇದೆ. ಅಪ್‌ಡೇಟ್ ತಡೆಯಲೆಂದು ನೀವು ಕೆಯುಎಎಲ್‌ನಿಂದ ಒಟಿಎ (ವೈಫೈ ಮೂಲಕ ಅಪ್‌ಡೇಟ್ ತರುವ) ಫೈಲುಗಳ ಹೆಸರು ಬದಲಿಸಿದ್ದರೆ, ರಿಸೆಟ್‌ಗೆ ಮೊದಲು ಅದೇ ಮೆನುವಿನಲ್ಲಿ 'ರಿಸ್ಟೋರ್' ಒತ್ತಲೇಬೇಕು. ಮರೆತರೆ ಸಾಧನ ಶುರುವಾಗದೆ ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ರಿಸ್ಟೋರ್ ಮಾಡಿದಿರೋ, ಕಾವಲುಗಾರನನ್ನು ಮನೆಗೆ ಕಳಿಸಿದಂತೆಯೇ; ಅಪ್‌ಡೇಟ್‌ಗೆ ಬಾಗಿಲು ತೆರೆದಿರುತ್ತದೆ. ಆದ್ದರಿಂದ ವೈಫೈ ಹಂತವನ್ನು ದಾಟಿಸಿ, ಏರೋಪ್ಲೇನ್ ಮೋಡ್ ಹಾಕಿ. ಯುಎಸ್‌ಬಿ ಮೂಲಕ ಹಾಟ್‌ಫಿಕ್ಸ್‌ನ ಬಿನ್ ಫೈಲನ್ನು ಕಿಂಡಲ್‌ನ ಯಾವ ಫೋಲ್ಡರಿನೊಳಗೂ ಇಡದೆ ಹೊರಗೇ ಹಾಕಿ, ಸೆಟ್ಟಿಂಗ್ಸ್‌ನಲ್ಲಿ 'ಅಪ್‌ಡೇಟ್ ಯುವರ್ ಕಿಂಡಲ್' ಒತ್ತಿ; ಇಲ್ಲಿ ಒಳಹೋಗುವುದು ಅಮೆಜಾನ್ ಅಪ್‌ಡೇಟ್ ಅಲ್ಲ, ಆ ಹಾಟ್‌ಫಿಕ್ಸ್. ಆ ಸಾಲು ಮಸುಕಾಗಿಯೇ ಇದ್ದರೆ ಫೈಲು ತಪ್ಪು ಜಾಗದಲ್ಲಿದೆಯೇ ಎಂದು ಮೊದಲು ನೋಡಿ. ನನಗೆ ಪ್ರತಿ ಸಲವೂ ಅದೇ ಆಗಿತ್ತು. ಬಳಿಕ 'ರನ್ ಹಾಟ್‌ಫಿಕ್ಸ್', ಆಮೇಲೆ ಕೆಯುಎಎಲ್, ಒಟಿಎ ಹೆಸರು ಬದಲಾವಣೆ. ವೈಫೈ ಸರದಿ ಎಲ್ಲಕ್ಕಿಂತ ಕೊನೆಗೆ.

ರಿಸೆಟ್‌ಗೆ ಮೊದಲು ಕೆಒರೀಡರ್ ಫೋಲ್ಡರನ್ನು ಪೂರ್ತಿ ಕಂಪ್ಯೂಟರಿಗೆ ನಕಲು ಮಾಡಿ, ಸೆಟ್ಟಿಂಗ್‌ಗಳು ಅದರೊಳಗಿವೆ. ಪ್ರತಿ ಪುಸ್ತಕದ ಪಕ್ಕದಲ್ಲಿ ಎಸ್‌ಡಿಆರ್ ಎಂದು ಕೊನೆಗೊಳ್ಳುವ ಪುಟ್ಟ ಫೋಲ್ಡರ್ ಇರುತ್ತದೆ, ನೀವು ಗೆರೆ ಎಳೆದ ಸಾಲುಗಳೆಲ್ಲ ಅದರಲ್ಲಿ. ಪುಸ್ತಕಗಳನ್ನಷ್ಟೇ ಜತನದಿಂದ ತೆಗೆದಿಟ್ಟು, ಆ ಫೋಲ್ಡರುಗಳನ್ನು ಕಸವೆಂದು ಅಲ್ಲೇ ಬಿಟ್ಟ ಜಾಣ ನಾನು. ಈಗ ಅದೇ ಪುಸ್ತಕಗಳಿಗೆ ಎರಡನೇ ಸಲ ಗೆರೆ ಎಳೆಯುತ್ತಿದ್ದೇನೆ.