ಹತ್ತೂ ಓದಬೇಕಿಲ್ಲ, ಐದು ಸಾಕು

ಮಗ ಹತ್ತನೇ ಗ್ರೇಡ್, ಶಾಲೆಯ ಲೈಬ್ರರಿಯಲ್ಲಿ ಕೆನಡಾದ ಒಂಟಾರಿಯೊದಲ್ಲಿ ಮಕ್ಕಳೇ ಓದಿ ಮತ ಹಾಕಿ ಪುಸ್ತಕ ಗೆಲ್ಲಿಸುವ ವೈಟ್ ಪೈನ್ ಪ್ರಶಸ್ತಿಗೆ ಓದಲು ಹೆಸರು ಕೊಟ್ಟು ಬಂದಿದ್ದಾನೆ, ಪಟ್ಟಿಯ ಹತ್ತೂ ಪುಸ್ತಕ ಓದಲೇಬೇಕಾ ಅಂತ ಕೇಳಿದ್ದೀರಿ. ಬೇಡ. ಐದು ಓದಿದರೆ ಮತ ಹಾಕಬಹುದು. ಒಂಟಾರಿಯೊ ಲೈಬ್ರರಿ ಅಸೋಸಿಯೇಷನ್ ನಡೆಸುವ ‘ಫಾರೆಸ್ಟ್ ಆಫ್ ರೀಡಿಂಗ್’ ಅನ್ನುವ ಓದಿನ ಕಾರ್ಯಕ್ರಮದಲ್ಲಿ ಇದು 9ರಿಂದ 12ನೇ ಗ್ರೇಡಿನವರ ವಿಭಾಗ, ಪುಸ್ತಕಗಳೆಲ್ಲ ಕೆನಡಾದವರವು. ಪಟ್ಟಿ ಮಾಡುವುದು ದೊಡ್ಡವರು, ಗೆಲ್ಲಿಸುವುದು ಮಾತ್ರ ಮಕ್ಕಳೇ.

ನನ್ನ ಮಗಳು ಸೇರಿದ ವರ್ಷ ನಾನೊಂದು ಎಡವಟ್ಟು ಮಾಡಿದೆ: ದಿನಕ್ಕೆ ಇಷ್ಟು ಪುಟ ಅಂತ ಲೆಕ್ಕ ಹಾಕಿಕೊಟ್ಟೆ. ಎರಡೇ ವಾರಕ್ಕೆ ಪುಸ್ತಕ ಮೂಲೆ ಸೇರಿತು. ಆಮೇಲೆ ಬಾಯಿ ಮುಚ್ಚಿಕೊಂಡು ಸುಮ್ಮನಾದೆ. ಹಿಡಿಸದ್ದನ್ನು ಮೂವತ್ತನೇ ಪುಟಕ್ಕೇ ಬಿಟ್ಟು ಬೇರೆಯದು ಎತ್ತಿಕೊಂಡಳು, ಕೊನೆಗೆ ಆರು ಮುಗಿಸಿದಳು. ಹತ್ತು ಪುಸ್ತಕ ಇಡುವುದೇ ಹೀಗೆ ಅರ್ಧಕ್ಕೆ ಬಿಡಲಿಕ್ಕೂ ಜಾಗ ಇರಲಿ ಅಂತ ಇರಬೇಕು (ಇದು ನನ್ನ ಊಹೆ).

ಮತದಾನ ವಸಂತದಲ್ಲಿ. ಹತ್ತಿರ ಬಂದ ಹಾಗೆ ಲೈಬ್ರರಿ ಪ್ರತಿಗಳಿಗೆ ಸಾಲು ಉದ್ದವಾಗುತ್ತೆ, ಈಗಲೇ ಹೋಲ್ಡ್ ಹಾಕಿಡಿ (ಅಂದರೆ ಪ್ರತಿ ಕಾಯ್ದಿರಿಸಿ). ನೀವೂ ಒಂದೆರಡು ಓದಿ, ಆದರೆ ಯಾವುದಕ್ಕೆ ಮತ ಹಾಕಬೇಕು ಅಂತ ಮಾತ್ರ ಹೇಳಲು ಹೋಗಬೇಡಿ.