ಜೆಸಿಬಿ ಮುಟ್ಟೋಕೆ ಬಿಡಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ವರ್ಷ, ಅಂಗನವಾಡಿಗೆ ಹೋಗುತ್ತಾನೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಕೊಡಿಸಿದ ಜೆಸಿಬಿ ಗಾಡಿಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಮೊನ್ನೆ ತಂಗಿಯ ಮಗಳು ಕೈ ಹಾಕಿದ್ದಕ್ಕೆ ದೂಡಿಯೇ ಬಿಟ್ಟ. ಚಾಕಲೇಟ್ ಕೊಡ್ತೀನಿ ಅಂದರೆ ಮಾತ್ರ ಕೊಡುತ್ತಾನೆ. ಅತ್ತೆ ‘ಮುದ್ದು ಜಾಸ್ತಿಯಾಯ್ತು’ ಅನ್ನುತ್ತಾರೆ. ಚೌತಿಗೆ ಮನೆ ತುಂಬಾ ಮಕ್ಕಳು ಬರುತ್ತಾರೆ, ಈಗಲೇ ಭಯ.
– ಒಬ್ಬ ತಾಯಿ, ಕುಮಟಾ

ಉತ್ತರ: ಮುದ್ದಿಗೂ ಇದಕ್ಕೂ ಅಷ್ಟೊಂದು ಸಂಬಂಧವಿಲ್ಲ ಬಿಡಿ. ಕೊಟ್ಟದ್ದು ಮತ್ತೆ ವಾಪಸ್ ಬರುತ್ತದೆ ಅನ್ನುವ ನಂಬಿಕೆ ಈ ವಯಸ್ಸಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದು ಚೆನ್ನಾಗಿ ಬರುವುದು ನಾಲ್ಕರ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಎಷ್ಟೋ ಮಕ್ಕಳು ಪಕ್ಕಪಕ್ಕ ಕೂತರೂ ತಮ್ಮ ತಮ್ಮ ಆಟ ಆಡಿಕೊಂಡಿರುತ್ತಾರೆ, ಮಿಲ್ಡ್ರೆಡ್ ಪಾರ್ಟೆನ್ ಎಂಬ ಸಂಶೋಧಕಿ ಇದನ್ನು 1932ರಲ್ಲೇ ಬರೆದಿದ್ದರು.

ಚಾಕಲೇಟ್ ಮಾತ್ರ ಇವತ್ತೇ ನಿಲ್ಲಿಸಿ. ಜರ್ಮನಿಯಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಾಸೆಲ್ಲೊ 20 ತಿಂಗಳ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. ಸಹಾಯ ಮಾಡಿದ್ದಕ್ಕೆ ಬಹುಮಾನ ಪಡೆದ ಮಕ್ಕಳು, ಏನೂ ಪಡೆಯದ ಮಕ್ಕಳಿಗಿಂತ, ಆಮೇಲೆ ಸಹಾಯ ಮಾಡಿದ್ದು ಕಡಿಮೆ. ತಾವಾಗಿಯೇ ಮಾಡುತ್ತಿದ್ದ ಕೆಲಸಕ್ಕೆ ನಾವೇ ಸುಮ್ನೆ ಕೂಲಿ ಕೊಟ್ಟು ಕೆಡಿಸುತ್ತೇವೆ, ಅಲ್ವಾ?

ಅದರ ಬದಲು ಪಾಳಿ ಹಚ್ಚಿ. ‘ಹತ್ತು ಸಲ ಮಣ್ಣು ಎತ್ತಿ ಸುರಿ, ಆಮೇಲೆ ಅವಳ ಪಾಳಿ’ ಅಂತ ಹೇಳಿ ಇಬ್ಬರ ಜೊತೆ ಕೂತು ಗಟ್ಟಿಯಾಗಿ ಎಣಿಸಿ. ಎಣಿಕೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹತ್ತು ಬಂದಾಗ ಮುಗಿಯಿತು ಅನ್ನುವುದು ಗೊತ್ತಾಗುತ್ತದೆ. ಅವಳ ಹತ್ತು ಮುಗಿದ ಕೂಡಲೇ ಗಾಡಿ ಅವನ ಕೈಗೆ ಬರಲೇಬೇಕು, ‘ಪಾಪ, ಚಿಕ್ಕವಳು, ಇನ್ನೂ ಸ್ವಲ್ಪ ಆಡಲಿ’ ಅಂತ ನೀವು ಎಳೆದರೆ ಮುಂದಿನ ಸಲ ಅವನು ಕೊಡುವುದಿಲ್ಲ, ಯಾಕೆ ಕೊಡಬೇಕು?

ಸಮುದ್ರ ಹತ್ತಿರವೇ ಇದೆ ನಿಮಗೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ಬಕೆಟ್ ಒಂದೇ ಒಯ್ಯಿರಿ. ಮರಳಿಗಾಗಿ ಯಾರೂ ಜಗಳ ಆಡುವುದಿಲ್ಲ. ಒಬ್ಬ ಗುಂಡಿ ತೋಡಲಿ, ಇನ್ನೊಬ್ಬಳು ನಿಮ್ಮ ಕೈ ಹಿಡಿದು ನೀರು ತರಲಿ. ನೀರು ಗುಂಡಿಯಲ್ಲಿ ಇಂಗಿ ಹೋಗುತ್ತಲೇ ಇರುತ್ತದೆ, ಅವಳು ಮತ್ತೆ ತರಬೇಕು, ಅವನು ಕಾಯಬೇಕು. ಇಬ್ಬರೂ ಬೇಕಾಗುವ ಆಟ ಇದು.

ಇನ್ನು ಚೌತಿ. ನೆಂಟರು ಬರುವ ಹಿಂದಿನ ರಾತ್ರಿ ಅವನನ್ನೇ ಕೇಳಿ, ಯಾವುದನ್ನು ಕಪಾಟಿನಲ್ಲಿ ಇಡೋಣ ಅಂತ. ಜೆಸಿಬಿ ಒಳಗೆ ಹೋಗಲಿ ಬಿಡಿ. ನಮ್ಮ ಹೊಸ ಸೀರೆಯನ್ನು ನಾವು ಕೇಳಿದವರಿಗೆಲ್ಲ ಕೊಡುತ್ತೇವಾ? ಹೊರಗೆ ಉಳಿದದ್ದು ಎಲ್ಲರಿಗೂ. ಚಕ್ಕುಲಿ ಡಬ್ಬಿ ಅವನ ಕೈಗೇ ಕೊಟ್ಟು, ಪ್ರತಿ ಮಗುವಿಗೆ ಒಂದೊಂದು ಹಂಚಲು ಹೇಳಿ. ಕೊನೆಗೆ ತನಗೆ ಎರಡು ಇಟ್ಟುಕೊಂಡರೆ ನೋಡಿಯೂ ನೋಡದ ಹಾಗೆ ಇರಿ.

ದೂಡಿದರೆ ಮಾತ್ರ ಬಿಡಬೇಡಿ. ಮೊದಲು ಬಿದ್ದ ಮಗುವನ್ನು ಎತ್ತಿಕೊಳ್ಳಿ, ಆಮೇಲೆ ಅವನ ಕೈ ಹಿಡಿದು ‘ದೂಡಬಾರದು, ಅವಳಿಗೆ ನೋವಾಯ್ತು’ ಅಂತ ಚುಟುಕಾಗಿ ಹೇಳಿ. ಒತ್ತಾಯದ ಸಾರಿ ಬೇಡ, ಅವಳಿಗೆ ನೀರು ತಂದುಕೊಡಲಿ, ಸಾಕು. ಅತ್ತೆಗೂ ಒಂದು ಮಾತು ಮೊದಲೇ ಹೇಳಿಡಿ: ನೆಂಟರ ಎದುರು ಅವನನ್ನು ‘ಜಿಪುಣ’ ಅಂತ ಕರೆಯಬಾರದು, ತಮಾಷೆಗೂ.