ಊರುಗಳು ಕಡಿಮೆಯಾಗಲಿ, ಹೋಗುವುದು ಹೆಚ್ಚಲಿ

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಹತ್ತು ವರ್ಷದ ಮಗಳನ್ನೂ ಏಳು ವರ್ಷದ ಮಗನನ್ನೂ ಕಳೆದ ಜೂನ್‌ನಿಂದ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಾರೆ. "ಶಿವರಾತ್ರಿ ಕಳೆದ ಮೇಲೆ ಮನೆಯೊಳಗೆ ಕೂರಲು ಯಾರಿಗೂ ಮನಸ್ಸಿಲ್ಲ. ಬೀದಿಯ ಮಕ್ಕಳೆಲ್ಲ ಪರೀಕ್ಷೆಗೆ ಓದುತ್ತಿರುವಾಗ ನಾವು ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಅದನ್ನು ಕಂಡು ನಮ್ಮತ್ತೆ, 'ಇದು ಓದೋ ಕಾಲವೋ ಸುತ್ತೋ ಕಾಲವೋ' ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಓಡಾಟ ನಿಜಕ್ಕೂ ಕಲಿಕೆಯೇ, ಇಲ್ಲಾ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆಯೇ?" ಎಂದು ಕೇಳಿದ್ದಾರೆ.

ಪ್ರಿಯ ಸೋದರಿ,

ಪತ್ರದ ಜೊತೆಗೆ ನೀವು ಹೋಗಿಬಂದ ಜಾಗಗಳ ಪಟ್ಟಿಯನ್ನೂ ಕಳಿಸಿದ್ದೀರಿ. ಶ್ರೀರಂಗಪಟ್ಟಣ, ಸೋಮನಾಥಪುರ, ಮೇಲುಕೋಟೆ, ರಂಗನತಿಟ್ಟು, ರೈಲ್ವೆ ಮ್ಯೂಸಿಯಂ, ಮೃಗಾಲಯ. ಎಲ್ಲವೂ ಒಳ್ಳೆಯ ಜಾಗಗಳೇ. ಆದರೆ ಒಂದೊಂದಕ್ಕೂ ಒಂದೊಂದು ಸಲ ಹೋಗಿದ್ದೀರಿ. ನಿಮ್ಮ ಮನಸ್ಸಿನ ಅಳುಕು ಅಲ್ಲಿಂದಲೇ ಹುಟ್ಟಿದೆ ಎಂದು ನನಗೆ ತೋರುತ್ತದೆ. ಒಂದು ಸಲ ನೋಡಿದ್ದು ಮಕ್ಕಳಿಗೆ ಸಂಭ್ರಮ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋದ ವಾರ ಹೇಗಿತ್ತು, ಈ ವಾರ ಏನಾಯಿತು ಎಂದು ಹೋಲಿಸುವಾಗ ಮಗು ತಾನಾಗಿ ಪ್ರಶ್ನೆ ಕೇಳುತ್ತದೆ, ಮತ್ತು ಹೋಲಿಸಲು ಎರಡನೆಯ ಸಲ ಹೋಗಲೇಬೇಕು. ಹಾಗಾಗಿ ನನ್ನ ಮಾತು ಇಷ್ಟೇ: ಊರುಗಳು ಕಡಿಮೆಯಾಗಲಿ, ಹೋಗುವುದು ಹೆಚ್ಚಲಿ.

ನಿಮಗೆ ಕುಕ್ಕರಹಳ್ಳಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ಅವರು ದಿನವೂ ನಡೆದಾಡುತ್ತಿದ್ದ ಕೆರೆ. ವಾರಕ್ಕೊಂದು ಬೆಳಿಗ್ಗೆ, ಪ್ರತಿ ಸಲವೂ ಅದೇ ದಿನ, ಅದೇ ಹೊತ್ತು, ಅಲ್ಲಿಗೆ ಹೋಗಿ. ಇಬ್ಬರು ಮಕ್ಕಳೂ ತಮಗೆ ಬೇಕಾದ ಒಂದೊಂದು ಮರ ಆರಿಸಿಕೊಳ್ಳಲಿ. ಒಂದು ಹೊಂಗೆಯಾದರೆ ಬಹಳ ಒಳ್ಳೆಯದು. ಶಿವರಾತ್ರಿಯ ಹೊತ್ತಿಗೆ ಹಳೆ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಮಿರಮಿರನೆ ಮಿನುಗುವ ಎಳೆ ಹಸಿರು ತೊಟ್ಟು, ಆಮೇಲೆ ಹೂ ಬಿಟ್ಟು ಕೆಳಗಿನ ನೆಲವನ್ನೆಲ್ಲ ಮುಚ್ಚಿಬಿಡುತ್ತದೆ. ಹೂವಿನ ಕಾಲದಲ್ಲಿ ಅದರಡಿ ನಿಂತರೆ ಜೇನುಹುಳುಗಳ ಮೊರೆತ ಕೇಳುತ್ತದೆ. ಇನ್ನೊಂದು ಬೂರುಗವಾಗಲಿ. ಅದು ಎಲೆಯೇ ಇಲ್ಲದೆ ಕೆಂಪಾಗಿ ಹೂ ಬಿಡುತ್ತದೆ. ಮೈನಾ, ಕಾಗೆ, ಅಳಿಲುಗಳೆಲ್ಲ ಆ ಹೂವಿನ ಬಳಿ ಸೇರುತ್ತವೆ. ಎಲೆ ಬರುವ ಮೊದಲೇ ಹೂ ಯಾಕೆ ಬಂತು ಎಂದು ನಿಮ್ಮ ಮಗ ಕೇಳುತ್ತಾನೆ. ಕೇಳಿದ ಕೂಡಲೇ ಉತ್ತರ ಹೇಳಬೇಡಿ. ಎರಡು ವಾರ ಅವನೇ ನೋಡಲಿ, ಹೂವಿಗೆ ಯಾರು ಯಾರು ಬರುತ್ತಾರೆ, ಎಲೆ ಅಡ್ಡ ಇದ್ದಿದ್ದರೆ ಅವರಿಗೆ ಹೂ ಕಾಣುತ್ತಿತ್ತೇ ಎಂದು.

ಕೋಗಿಲೆಯನ್ನೂ ಹೀಗೆಯೇ ಬೆನ್ನು ಹತ್ತಬಹುದು. ಮೊದಲು ಕೂಗು ಕೇಳಿದ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೂಗುವ ಕಪ್ಪು ಹಕ್ಕಿ ಗಂಡು, ಮೈಮೇಲೆ ಬಿಳಿ ಚುಕ್ಕೆಗಳಿರುವ ಕಂದು ಹಕ್ಕಿ ಹೆಣ್ಣು. ಅದು ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ. ಹಾಗಾಗಿ ಕೋಗಿಲೆ ಎಲ್ಲಿ ಎಂದು ಹುಡುಕುವ ಬದಲು ಕಾಗೆ ಎಲ್ಲಿ ಕಡ್ಡಿ ಕೂಡಿಸುತ್ತಿದೆ ನೋಡಿ, ಕೋಗಿಲೆ ಆಸುಪಾಸಿನಲ್ಲೇ ಇರುತ್ತದೆ.

ದೂರದ ಒಂದು ಊರು ಬೇಕೇ ಬೇಕೆಂದರೆ ಕೊಕ್ಕರೆ ಬೆಳ್ಳೂರಿಗೆ ಹೋಗಿ. ನಿಮ್ಮ ಪಟ್ಟಿಯಲ್ಲಿ ಅದಿಲ್ಲದ್ದು ನೋಡಿ ಆಶ್ಚರ್ಯವಾಯಿತು. ಮದ್ದೂರು ತಾಲ್ಲೂಕಿನ ಈ ಹಳ್ಳಿ ಮೈಸೂರಿನಿಂದ ಸುಮಾರು 80 ಕಿಲೋಮೀಟರು. ಬೇಲಿ ಹಾಕಿದ ಪಕ್ಷಿಧಾಮವಲ್ಲ, ಜನ ಬದುಕುವ ಊರು. ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳನ್ನು ಭಾವಿಸುತ್ತಾರೆ. ಫಾಲ್ಗುಣದಲ್ಲಿ ಹೋದರೆ ಮರಿಗಳು ದೊಡ್ಡವಾಗಿರುತ್ತವೆ. ತಾಯಿ ಹೆಜ್ಜಾರ್ಲೆಯ ಕೊಕ್ಕಿನ ಚೀಲದೊಳಗೆ ತಲೆ ತೂರಿಸಿ ಮೀನು ತಿನ್ನುವುದನ್ನು ಬೀದಿಯಲ್ಲಿ ನಿಂತೇ ನೋಡಬಹುದು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ 'ಹೆಜ್ಜಾರ್ಲೆ ಬಳಗ' ಊರಿನವರದೇ. ಹಿಂದಿನಿಂದಲೂ ಮರದಡಿ ಬೀಳುವ ಹಿಕ್ಕೆಯನ್ನು ಕೂಡಿಹಾಕಿ ಹೊಲಕ್ಕೆ ಗೊಬ್ಬರ ಮಾಡಿಕೊಂಡವರು ಅವರು. ಹುಣಸೆ ಮರದಲ್ಲಿ ಹಕ್ಕಿ ಕೂತರೆ ಆ ಮರದ ಫಸಲು ಕೈಗೆ ಸಿಗುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಹತ್ತು ವರ್ಷದ ನಿಮ್ಮ ಮಗಳು ಅಲ್ಲಿನ ಅಜ್ಜಿಯೊಬ್ಬರ ಪಕ್ಕ ಕೂತು, ನಷ್ಟವಾದರೂ ಯಾಕೆ ಬಿಟ್ಟಿದ್ದೀರಿ ಎಂದು ಕೇಳಲಿ. ಅರ್ಥಶಾಸ್ತ್ರ, ಪರಿಸರ, ಊರಿನ ನಡವಳಿಕೆ ಮೂರೂ ಆ ಒಂದು ಪ್ರಶ್ನೆಯೊಳಗಿವೆ. ದಯವಿಟ್ಟು ಅಲ್ಲಿ ಗದ್ದಲ ಮಾಡಬೇಡಿ, ಮರದ ಬುಡಕ್ಕೆ ಹೋಗಬೇಡಿ. ಆಗುವುದಾದರೆ ಮೇ ಕೊನೆಯಲ್ಲಿ ಮತ್ತೊಮ್ಮೆ ಹೋಗಿ, ಬರಿದಾಗುತ್ತಿರುವ ಗೂಡುಗಳನ್ನೂ ಮಕ್ಕಳು ನೋಡಲಿ.

ಮನೆಯಲ್ಲಿರುವ ದಿನಗಳ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ನನಗೆ ಅವೇ ಮುಖ್ಯವೆನಿಸುತ್ತವೆ. ಬಿಸಿಲು ಏರುವ ಈ ತಿಂಗಳುಗಳಲ್ಲಿ ಮಾಳಿಗೆಯೇ ಒಳ್ಳೆಯ ತರಗತಿ. ನಿಮ್ಮತ್ತೆ ಸಂಡಿಗೆ ಇಡುವಾಗ ಮಕ್ಕಳ ಕೈಗೆ ತಕ್ಕಡಿ ಕೊಡಿ. ಹಸಿ ಸಂಡಿಗೆಯ ತೂಕ, ಒಂದು ಬಿಸಿಲು ಕಂಡ ಮೇಲಿನ ತೂಕ, ಪೂರ್ತಿ ಒಣಗಿದ ಮೇಲಿನ ತೂಕ. ಎಷ್ಟು ನೀರು ಹೋಯಿತು, ಶೇಕಡಾ ಎಷ್ಟು? ಮಜ್ಜಿಗೆ ಮೆಣಸಿನಕಾಯಿಗೂ ಇದೇ ಲೆಕ್ಕ. ಶೇಕಡಾ ಲೆಕ್ಕ ಹೀಗೆ ಕಲಿತರೆ ಮರೆಯುವುದಿಲ್ಲ, ಅತ್ತೆಯವರೂ ಗುರುಗಳಾಗುತ್ತಾರೆ. ಓದೋ ಕಾಲವೋ ಸುತ್ತೋ ಕಾಲವೋ ಎಂಬ ಅವರ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ ಅವರನ್ನು ಒಳಗೆ ಕರೆದುಕೊಳ್ಳುವುದು ಮೇಲು. ಅವರಿಗಿರುವುದು ಮೊಮ್ಮಕ್ಕಳ ಭವಿಷ್ಯದ ಕಾಳಜಿ, ಅದನ್ನು ಗೌರವಿಸಿ.

ಅದೇ ಮಾಳಿಗೆಯಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಾರ್ಚ್ 20ರಂದು, ಹಗಲು ರಾತ್ರಿ ಸಮವಾಗುವ ಹೊತ್ತಿಗೆ, ಮೈಸೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12 ಗಂಟೆ 31 ನಿಮಿಷಕ್ಕೆ. ಆಗ ನೆರಳು ಸುಮಾರು 22 ಸೆಂಟಿಮೀಟರು. ವಾರಕ್ಕೊಮ್ಮೆ ಅಳೆಯುತ್ತ ಹೋಗಿ, ಕುಗ್ಗುತ್ತ ಬರುತ್ತದೆ. ಏಪ್ರಿಲ್ 22-23ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 22 ನಿಮಿಷದ ಆಸುಪಾಸಿನಲ್ಲಿ, ಕೋಲಿಗೆ ನೆರಳೇ ಇರುವುದಿಲ್ಲ. ಏಳು ವರ್ಷದವನು ಕುಣಿಯುತ್ತಾನೆ. ಹತ್ತು ವರ್ಷದವಳು 12 ಗಂಟೆಗೇ ಯಾಕೆ ಆಗಲಿಲ್ಲ ಎಂದು ಕೇಳುತ್ತಾಳೆ. ಆಗ ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಮ್ಮ ಊರು ಅದಕ್ಕಿಂತ ಪಶ್ಚಿಮಕ್ಕಿದೆ ಎಂದು ಭೂಪಟ ತೆರೆದು ತೋರಿಸಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಬರಬಹುದು. ನೆಟ್ಟಗಿನ ಗೋಡೆಯ ಗಾಜಿನ ಜಾಡಿಯೊಂದನ್ನು ಬಯಲಲ್ಲಿಟ್ಟು, ನಿಂತ ನೀರನ್ನು ಅಳತೆ ಪಟ್ಟಿಯಿಂದ ಅಳೆದರೆ ಅದೇ ಮಳೆಮಾಪಕ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಖಡಾಖಂಡಿತ ಮಾತನ್ನೂ ಹೇಳಬೇಕು. ಓಡಾಟದಿಂದ ಎಲ್ಲವೂ ಬರುವುದಿಲ್ಲ. ಗುಣಾಕಾರ, ಭಿನ್ನರಾಶಿ, ತಪ್ಪಿಲ್ಲದ ಕನ್ನಡ ಬರವಣಿಗೆ ಇವು ದಿನವೂ ಕೂತು ಮಾಡಿದರೆ ಮಾತ್ರ ಬರುತ್ತವೆ. ಬೆಳಿಗ್ಗೆ ತಿಂಡಿಯಾದ ಮೇಲಿನ ಒಂದು ಗಂಟೆಯನ್ನು, ಹೊರಗೆ ಹೋಗುವ ದಿನವೂ, ಇದಕ್ಕೇ ಮೀಸಲಿಡಿ. ಕೆರೆಗೆ ಹೋಗುವ ದಿನ ಮನೆಗೆ ಮರಳಿದ ಮೇಲೆ ಕೂರಲಿ. ಮಾರ್ಚ್‌ನಲ್ಲಿ ಆಡಲು ಜೊತೆಗಾರರಿಲ್ಲ ಎಂದು ನಿಮ್ಮ ಮಗ ಅತ್ತದ್ದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅದು ಒಂದು ಸಾಲಿನ ವಿಷಯವಲ್ಲ. ಬೀದಿಯ ಮಕ್ಕಳ ಪರೀಕ್ಷೆ ಮುಗಿಯುವ ದಿನವನ್ನು ತಿಳಿದುಕೊಂಡು, ಏಪ್ರಿಲ್, ಮೇ ತಿಂಗಳ ಸಂಜೆಗಳನ್ನು ಪೂರ್ತಿ ಅವರೊಂದಿಗೆ ಆಡಲು ಬಿಡಿ. ಆ ಹೊತ್ತಿನಲ್ಲಿ ನಿಮ್ಮ ಯಾವ ಪಾಠವೂ ಬೇಡ. ಕೆರೆಗೆ ಹೋಗುವಾಗ ಪಕ್ಕದ ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ. ಇನ್ನು ನಿಮ್ಮ ಯಜಮಾನರು. ಪತ್ರದಲ್ಲಿ ಅವರು ಕಾರು ಓಡಿಸುವಲ್ಲಿ ಮಾತ್ರ ಕಾಣಿಸಿಕೊಂಡಿದ್ದಾರೆ. ಭಾನುವಾರದ ಲೆಕ್ಕದ ಪಾಠ ಅವರದಾಗಲಿ. ಇಡೀ ಭಾರ ಒಬ್ಬರ ಮೇಲೆ ಬಿದ್ದರೆ ಎಷ್ಟು ಒಳ್ಳೆಯ ಉದ್ದೇಶವಿದ್ದರೂ ದಣಿವು ಬರುತ್ತದೆ, ದಣಿವು ಮಕ್ಕಳ ಮೇಲೆ ಸಿಡುಕಾಗಿ ಇಳಿಯುತ್ತದೆ.

ಪರೀಕ್ಷೆಯ ದಾರಿಯನ್ನೂ ಕೇಳಿದ್ದೀರಿ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ (ಎನ್‌ಐಒಎಸ್) ಹದಿನಾಲ್ಕು ತುಂಬಿದವರು ಹತ್ತನೇ ತರಗತಿಗೆ ಸಮನಾದ ಹಂತಕ್ಕೆ ಸೇರಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆಗಳಿರುತ್ತವೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಮಾತನಾಡುತ್ತದೆ. ಅದರ 10ನೇ ಕಲಮು ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಆದರೆ ಪೋಷಕರಿಗೆ ದಂಡ ಹಾಕುವ ಮಾತು ಕಾಯ್ದೆಯಲ್ಲಿಲ್ಲ. ಮಕ್ಕಳಿಗೆ ಮುಂದೆ ಶಾಲೆಗೆ ಮರಳಬೇಕೆನಿಸಿದರೆ ಆ ಬಾಗಿಲು ತೆರೆದಿರಲಿ. ಹಳೆಯ ಶಾಲೆಯ ವರ್ಗಾವಣೆ ಪತ್ರವನ್ನೂ ಅಂಕಪಟ್ಟಿಗಳನ್ನೂ ಜೋಪಾನವಾಗಿಡಿ. ಕಲಿಕೆಯ ದಾಖಲೆಗೆ ಬೇರೆ ಏನೂ ಬೇಡ, ತಾರೀಖು ಹಾಕಿದ ಒಂದು ನೋಟ್‌ಬುಕ್ಕು ಸಾಕು. ಬರೆಯುವವರು ಮಕ್ಕಳಾಗಿರಲಿ, ನೀವು ತಿದ್ದಬೇಡಿ.

ಕೊನೆಯದಾಗಿ ಉಳಿದ ಓದುಗರಲ್ಲಿ ಒಂದು ಕೋರಿಕೆ. ಮಾರ್ಚ್ 20ರ ನಡುಹಗಲಲ್ಲಿ ಇದೇ ಒಂದು ಮೀಟರ್ ಕೋಲಿನ ನೆರಳು ಬೀದರಿನಲ್ಲಿ ಸುಮಾರು 32 ಸೆಂಟಿಮೀಟರು ಇರುತ್ತದೆ. ಎರಡು ಊರಿನ ನೆರಳು, ನಡುವಿನ ಉತ್ತರ-ದಕ್ಷಿಣ ದೂರ ಸಿಕ್ಕರೆ ಭೂಮಿಯ ಸುತ್ತಳತೆಯನ್ನೇ ಲೆಕ್ಕ ಹಾಕಬಹುದು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಮಕ್ಕಳು, ಶಾಲೆಗೆ ಹೋಗುವವರೇ ಆಗಲಿ ಮನೆಯಲ್ಲಿ ಕಲಿಯುವವರೇ ಆಗಲಿ, ಅಂದು ಅಳೆದು ನಮಗೆ ಬರೆಯಿರಿ. ಅಳತೆಯ ಜೊತೆ ಊರಿನ ಹೆಸರು ಮತ್ತು ಹೊತ್ತು ಇರಲಿ. ಬಂದ ಪತ್ರಗಳನ್ನೆಲ್ಲ ಮೈಸೂರಿನ ಈ ಇಬ್ಬರು ಮಕ್ಕಳಿಗೆ ಕಳಿಸುತ್ತೇವೆ, ಅವರು ಹಾಕಿದ ಲೆಕ್ಕವನ್ನು ಮುಂದೆ ಪ್ರಕಟಿಸುತ್ತೇವೆ.

– ಸಂಪಾದಕ